ಹದಿಮೂರನೇ ತಿಂಗಳು

ಬೈತಖೋಲ ಬಂದರು ಕಚೇರಿ, ಮಾಳಿಗೆಯ ಕೋಣೆ.
ಕೆಳಗೆ ಐಸು ಪುಡಿ ಮಾಡುವ ಯಂತ್ರ;
ಅದು ಶುರುವಾದಾಗಲೆಲ್ಲ ಪರದೆಯ ಮೇಲಿನ ಬಾಣ
ಒಂದು ಕೂದಲೆಳೆ ನಡುಗುತ್ತದೆ.
ನಾಲ್ಕುನೂರ ಹನ್ನೆರಡು ಫೋಲ್ಡರು,
ಹನ್ನೊಂದು ವರ್ಷ ದಡ ಸೇರಿದ ಮೀನಿನ ಲೆಕ್ಕ.
ಬರೆದವರು ಏಳು ಮಂದಿ, ಏಳು ಕೈ, ಏಳು ನಾಲಗೆ.

ಊರಿನ ಹೆಸರನ್ನೇ ನೋಡಿ:
ಬೈತಕೋಲ್, ಬೈತ್ಕೋಲ, ಬೈತಖೊಲ್,
ಒಬ್ಬನಿಗೆ ಬರೀ ‘ಬೈ’ ಸಾಕಾಗಿತ್ತು.
ದತ್ತಾ ಪಾಗಿ ಆಗಸ್ಟನ್ನು ಅಂಕಿಯಲ್ಲಿ ಬರೆದ.
ಶೇವಂತಿ ಮೇಸ್ತ ಪೂರ್ತಿ ಅಕ್ಷರದಲ್ಲಿ ಬರೆದು
ಕೊನೆಗೊಂದು ಚುಕ್ಕೆ ಇಟ್ಟಳು, ಕುಂಕುಮ ಇಟ್ಟ ಹಾಗೆ.
ಇನಾಸ್ ಫರ್ನಾಂಡಿಸ್ ತಿಂಗಳನ್ನೇ ಬರೆಯಲಿಲ್ಲ:
‘ತೆಂಗಿನಕಾಯಿ ಬಿಟ್ಟ ಮೇಲೆ’,
‘ಬಂಗಡೆ ಜೋರು’, ‘ಬಂಗಡೆ ಜೋರು ಎರಡು’,
‘ಫೈನಲ್’, ‘ಇದೇ ಫೈನಲ್’,
‘ಇನಾಸಂದು, ಮುಟ್ಟಬೇಡಿ’.

ಸುತ್ತೋಲೆ ಬಂತು. ಮೊದಲು ವರ್ಷ, ಅಡಿಗೆರೆ,
ಎರಡಂಕಿಯ ತಿಂಗಳು, ಅಡಿಗೆರೆ, ಬಂದರು.
ನಡುವೆ ಖಾಲಿ ಜಾಗ ಕೂಡದು.

ಆರು ಸಾಲಿನ ಆಜ್ಞೆ ಬರೆದೆ.
ಸದ್ಯ ತೋರಿಸು ಸಾಕು, ಬದಲಿಸಬೇಡ ಎಂದೆ.
ಎಡಕ್ಕೆ ಹಳೆಯವು, ಬಲಕ್ಕೆ ಹೊಸವು,
ಒಂದೊಂದಾಗಿ ಎದುರುಬದುರು ನಿಂತವು.

ನಮ್ಮಲ್ಲಿ ಮದುವೆಯ ದಿನ
ತಟ್ಟೆಯಲ್ಲಿ ಅಕ್ಕಿ ಹರಡಿ
ಗಂಡ ಉಂಗುರದ ತುದಿಯಿಂದ ಹೆಸರು ಬರೆಯುತ್ತಾನೆ.
ಆ ಮನೆಯ ಸೊಸೆಯರೆಲ್ಲ ‘ಸು’:
ಸುಗಂಧಾ, ಸುಲಕ್ಷಾ, ಸುನಯನಾ.
ರುಕ್ಮಾ ಅಂತ ಇದ್ದರೆ ಸಾಲು ಕೆಡುತ್ತದಲ್ಲ,
ಸುಪ್ರಿಯಾ ಆದೆ.
ಆಮೇಲೆ ಆ ಅಕ್ಕಿಯನ್ನೇ ಬೇಯಿಸಿದರು.

ನಾಲ್ಕುನೂರ ಹನ್ನೊಂದು ಹೊಂದಿಕೊಂಡವು.
ಒಂದು ಉಳಿಯಿತು: ‘ಇವತ್ತು ಯಾರೂ ಬರಲಿಲ್ಲ’.
ಒಳಗೆ ಲೆಕ್ಕವಿಲ್ಲ. ಒಂದೇ ಒಂದು ಫೋಟೊ,
ಜೆಟ್ಟಿಯ ಮೇಲೆ ಬೋರಲು ಹಾಕಿದ ಬುಟ್ಟಿ,
ಬುಟ್ಟಿಯ ಮೇಲೊಂದು ಬೆಕ್ಕು.
ಗಡಿಯಾರ ಸತ್ತ ಕ್ಯಾಮರಾ ಹೇಳುವುದು
ಸಾವಿರದ ಒಂಬೈನೂರ ಎಂಬತ್ತು, ಜನವರಿ ಒಂದು.
ಆಗ ನಾನೇ ಹುಟ್ಟಿರಲಿಲ್ಲ.

ಮಾಜಾಳಿಗೆ ಫೋನು ಹಚ್ಚಿದೆ. ನಿವೃತ್ತ ಇನಾಸ್
ಬಲೆಗೋ ಬಟ್ಟೆಗೋ ಏನಕ್ಕೋ ಗಂಟು ಹಾಕುತ್ತಿದ್ದ.
“ಯಾರು ಸುಪ್ರಿಯಾ? … ಓ, ನೀನಾ ರುಕ್ಮಾ.
ಆ ದಿವಸವಾ? ಬೋಟೆಲ್ಲ ಹೋಗಿದ್ವು ಬಾಯಿ.
ಗಾಳಿ ತಿರುಗಿತು, ಗಂಗಾವಳಿ ಅಳಿವೆ ಹೊಕ್ಕು
ಅಲ್ಲೇ ಕಟ್ಟಿ ಹಾಕಿದ್ರಂತೆ.
ನಾನು ಬುಟ್ಟಿ ಎಣಿಸಲಿಕ್ಕೆ ಸಂಜೆ ತನಕ ಕೂತೆ.
ಸೊನ್ನೆ ಬರೆದರೆ ಮೀನಿಲ್ಲ ಅಂದ ಹಾಗಾಯ್ತು.
ಮೀನು ಇತ್ತು, ಇಲ್ಲಿ ಬರಲಿಲ್ಲ ಅಷ್ಟೇ.
ಅದಕ್ಕೇ ಏನೂ ಬರೀಲಿಲ್ಲ.”
ವರ್ಷ ಹದಿನೈದೇ, ಅದು ಖಾತ್ರಿ ಎಂದ.
ತಿಂಗಳು?
“ತಿಂಗಳು ನೆನಪಿಲ್ಲ. ಬೆಕ್ಕು ಬಸುರಿ ಇತ್ತು.”

ಮೇಜಿನ ಗಾಜಿನಡಿ ಪಂಚಾಂಗವಿದೆ,
ಯಾರೋ ಇಟ್ಟದ್ದು, ಅಂಚು ಹಳದಿಯಾಗಿದೆ.
ಚಂದ್ರನ ಲೆಕ್ಕ ಸೂರ್ಯನದಕ್ಕೆ ಕೂಡದಾದಾಗ
ಹಿರಿಯರು ಒಂದು ತಿಂಗಳನ್ನೇ ಹೆಚ್ಚಿಗೆ ತುರುಕಿದರಲ್ಲ,
ಮದುವೆಗೆ ಬೇಡ, ಮುಂಜಿಗೆ ಬೇಡ,
ಆದರೂ ಹೊತ್ತು ಹುಟ್ಟುತ್ತದೆ, ಮುಳುಗುತ್ತದೆ,
ಭರತ ಇಳಿತ ತಪ್ಪುವುದಿಲ್ಲ.

೨೦೧೫_೧೩_ಬೈತಖೋಲ, ಎಂದು ಒತ್ತಿದೆ.
ತಿಂಗಳು ಹನ್ನೆರಡನ್ನು ಮೀರಬಾರದು,
ಎಂದಿತು ಪರದೆ ಕೆಂಪು ಅಕ್ಷರದಲ್ಲಿ.
ಹಾಗೆ ಹೇಳೆಂದು ಬೆಳಿಗ್ಗೆ ಕಲಿಸಿದವಳು ನಾನೇ.
ಆ ಸಾಲು ಅಳಿಸಿದೆ.

ಐಸಿನ ಯಂತ್ರ ಒಮ್ಮೆ ಕೆಮ್ಮುವಷ್ಟರಲ್ಲಿ
ನಾಲ್ಕುನೂರ ಹನ್ನೆರಡೂ ಮುಗಿದವು.
ತಲೆ ಬಾಚಿ ಕೂತ ಶಾಲೆಯ ಮಕ್ಕಳ ಹಾಗೆ ಸಾಲು,
ಯಾರದು ಯಾವ ಕೈ ಎಂದು ಇನ್ನು ಗೊತ್ತಾಗದು.
ಹಳೇ ಹೆಸರುಗಳ ಪಟ್ಟಿಯೊಂದನ್ನು
ಬೇರೆಯೇ ಕಡೆ ಇಟ್ಟಿದ್ದೇನೆ; ಸುತ್ತೋಲೆ ಕೇಳಿಲ್ಲ.

ಐದೂವರೆ. ಕಿಟಕಿಯಲ್ಲಿ ಡೀಸೆಲ್ಲು, ತಾರ್ಲೆಯ ವಾಸನೆ.
ಯಂತ್ರ ಆರಿಸುವ ಮುನ್ನ ಅದು ಕೇಳುತ್ತದೆ,
ರುಕ್ಮಾ, ಹೊರಡುವಿರಾ?
ಆ ಹೆಸರು ಬದಲಿಸಲು ಅರ್ಜಿ ಕೊಡಬೇಕಂತೆ.
ಒಂಬತ್ತು ವರ್ಷವಾಯಿತು,
ಫಾರಮ್ಮು ಡ್ರಾವರಿನಲ್ಲೇ ಇದೆ.